ಕಿವಿ ಕೇಳದ ಮಗನಿಗೆ ಯೇಸುಸ್ವಾಮಿಯ ಕಥೆ ಹೇಗೆ ಹೇಳಲಿ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವರು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕುಟುಂಬ. ಮನೆಯಲ್ಲಿ ಖಣದ ಮಗ್ಗ ಇದೆ. ದೊಡ್ಡ ಮಗನಿಗೆ ಈಗ ಆರೂವರೆ ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳುವುದಿಲ್ಲ. ನಮಗೆ ಗೊತ್ತಾಗುವಷ್ಟರಲ್ಲಿ ಮೂರು ವರ್ಷ ಆಗಿತ್ತು. ಕಿವಿ ಮಷಿನ್ ಹಾಕಿಸಿದ್ದೇವೆ. ಜೋರು ಸಪ್ಪಳ ಬಿಟ್ಟರೆ ಬೇರೆ ಏನೂ ತಿಳಿಯುವುದಿಲ್ಲ. ಮಾತಿನ ತರಬೇತಿ ಕೊಟ್ಟವರು, ಕೈಸನ್ನೆ ಮಾಡಬೇಡಿ, ಮಾಡಿದರೆ ಮಾತು ಕಲಿಯುವುದೇ ಇಲ್ಲ ಎಂದರು. ಅದಕ್ಕೇ ಬಿಟ್ಟಿದ್ದೇವೆ. ಸಂಡೇ ಸ್ಕೂಲಿನಲ್ಲಿ ಹಿಂದೆ ಕೂಡಿಸಿ ಚಿತ್ರಕ್ಕೆ ಬಣ್ಣ ಹಚ್ಚಲು ಕೊಡುತ್ತಾರೆ. ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟು ಸುತ್ತಮುತ್ತ ನೋಡುತ್ತಾನೆ ಅಂತ ಬೈಸಿಕೊಳ್ಳುತ್ತಾನೆ. ನಮ್ಮ ಅತ್ತೆ "ನಂಬಿಕಿ ಕೇಳೂದರಿಂದ ಬರ್ತದ, ಕೇಳದವಗ ಹೆಂಗ ಬಂದೀತು" ಅಂತ ಅಳುತ್ತಾರೆ. ಪ್ರಾರ್ಥನೆಯಿಂದ ವಾಸಿಮಾಡುತ್ತೇವೆ ಅನ್ನುವ ಸ್ವಸ್ಥತೆಯ ಕೂಟಗಳಿಗೂ ಕರೆದುಕೊಂಡು ಹೋಗಿದ್ದೇವೆ. ಒಬ್ಬರು, ಮಷಿನ್ ತೆಗೆದಿಟ್ಟು ನಂಬಿಕೆ ಇಡಿ ಎಂದರು. ನನ್ನ ಗಂಡ ನನ್ನ ಸೋದರಮಾವನ ಮಗ. ಇದು ಪಾಪದ ಫಲ ಅನ್ನುವವರೂ ಇದ್ದಾರೆ. ಯೇಸುಸ್ವಾಮಿ ಯಾರು ಅಂತ ಅವನಿಗೆ ಹೇಗೆ ತಿಳಿಸಲಿ? ಮುಂದೆ ಸಭೆಯ ಎದುರು ತನ್ನ ನಂಬಿಕೆಯನ್ನು ತಾನೇ ಒಪ್ಪಿ ಹೇಳುವ ದೃಢೀಕರಣ ಅವನಿಗೆ ಆಗುತ್ತದೆಯೇ? ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಗೆ ಹಾಕಿದರೆ ನಮ್ಮಿಂದಲೂ ದೇವರಿಂದಲೂ ದೂರ ಆಗುತ್ತಾನಾ?

ಉತ್ತರ: ತಂಗಿ, ನೀವು ಕೇಳಿದ್ದು ದೇವರ ವಿಷಯ. ಆದರೆ ಪತ್ರ ಓದಿದಾಗ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ಇನ್ನೊಂದು ಸಂಗತಿ. ಆರೂವರೆ ವರ್ಷದ ನಿಮ್ಮ ಮಗನ ಕೈಯಲ್ಲಿ ಇನ್ನೂ ಯಾವ ಭಾಷೆಯೂ ಇಲ್ಲ. ಕಿವಿಯಿಂದ ಕನ್ನಡ ಒಳಗೆ ಹೋಗಿಲ್ಲ, ಕಣ್ಣಿನಿಂದ ಸನ್ನೆ ಭಾಷೆ ಹೋಗಲು ನಾವು ಬಿಟ್ಟಿಲ್ಲ. "ನಿನ್ನೆ ಯಾಕೆ ಅಳ್ತಿದ್ದೆ?" ಅಂತ ಅವನನ್ನು ಕೇಳಲು ನಿಮಗೆ ದಾರಿಯಿಲ್ಲ. "ಅಜ್ಜ ಎಲ್ಲಿಗೆ ಹೋದ?" ಅಂತ ನಿಮ್ಮನ್ನು ಕೇಳಲು ಅವನಿಗೂ ದಾರಿಯಿಲ್ಲ. ಯೇಸುಸ್ವಾಮಿ ಯಾರು ಅನ್ನುವ ಮಾತು ಇದೇ ದಾರಿಯಲ್ಲಿ ಬರಬೇಕು. ಹಾಗಾಗಿ ಕಿವುಡ ಮಕ್ಕಳ ಜೊತೆ ಇಷ್ಟು ಕಾಲ ಕೆಲಸ ಮಾಡಿದವಳಾಗಿ ಮೊದಲೇ ಹೇಳಿಬಿಡುತ್ತೇನೆ. ಇವತ್ತಿನಿಂದಲೇ ಸನ್ನೆ ಭಾಷೆ ಶುರು ಮಾಡಿ. ಅವನಿಗೆ ಕಲಿಸುವುದಕ್ಕಿಂತ ಮುಂಚೆ ನೀವು, ನಿಮ್ಮ ಯಜಮಾನರು, ಅತ್ತೆ ಕಲಿಯಿರಿ.

ಇನ್ನು ನಿಮ್ಮ ಮನಸ್ಸು ಚುಚ್ಚುತ್ತಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಪಾಪದ ಫಲ ಅನ್ನುವವರಿಗೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ತೋರಿಸಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಯಾರು ಮಾಡಿದ ಪಾಪ, ಇವನದೋ ಇವನ ತಂದೆತಾಯಿಯದೋ? ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂತ ಯೇಸುಸ್ವಾಮಿಯೇ ಉತ್ತರ ಕೊಟ್ಟಿದ್ದಾರೆ. ಸಭೆಯಲ್ಲಿ ಕೂತು ಅದಕ್ಕೆ ಉಲ್ಟಾ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಕಾರಣ ಏನು ಅಂತ ತಿಳಿದುಕೊಳ್ಳುವುದು ಬೇರೆ. ಅದು ಬೇಕು. ಹುಟ್ಟಿನಿಂದ ಬರುವ ಕಿವುಡುತನದಲ್ಲಿ ದೊಡ್ಡ ಪಾಲು ವಂಶವಾಹಿಯಿಂದ ಬರುವಂಥದ್ದು. ಹೆಚ್ಚಿನ ಸಲ ಇಂಥ ವಂಶವಾಹಿ ಗಂಡನಲ್ಲೂ ಹೆಂಡತಿಯಲ್ಲೂ ಒಂದೊಂದು ಅಡಗಿ ಕೂತಿರುತ್ತದೆ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ಎರಡೂ ಕಡೆಯದು ಮಗುವಿಗೆ ಬಂದಾಗ ಮಾತ್ರ ಕಿವಿ ಕೇಳುವುದಿಲ್ಲ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಒಂದೇ ಮನೆತನದ ರಕ್ತವಾದರೆ ಇಬ್ಬರಲ್ಲೂ ಅದೇ ವಂಶವಾಹಿ ಇರುವ ಸಂಭವ ಜಾಸ್ತಿ. ಸೋದರ ಸಂಬಂಧದ ಮದುವೆ ಬಗ್ಗೆ ವೈದ್ಯರು ಹೇಳುವುದು ಇಷ್ಟನ್ನೇ. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಆಗಿದ್ದರೂ, ದಿನ ತುಂಬದೆ ಹುಟ್ಟಿದರೂ, ಹುಟ್ಟಿದ ಮೇಲೆ ಕಾಮಾಲೆ ವಿಪರೀತ ಏರಿದರೂ, ಮಿದುಳು ಜ್ವರ ಬಂದರೂ ಕಿವಿ ಹೋಗಬಹುದು. ನಿಮ್ಮ ಮಗನಿಗೆ ಯಾವುದರಿಂದ ಅಂತ ಪತ್ರ ನೋಡಿ ಹೇಳಲಾಗದು. ಮುಂದೆ ಇನ್ನೊಂದು ಮಗು ಆದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಕಿವಿಯ ಪರೀಕ್ಷೆ ಮಾಡಿಸಿ. ಮಗು ಮಲಗಿರುವಾಗಲೇ ಮಾಡುವ ಪರೀಕ್ಷೆ ಅದು, ನೋವೇನೂ ಇಲ್ಲ. ಮೂರು ವರ್ಷ ಕಳೆದುಹೋಗುವುದು ತಪ್ಪುತ್ತದೆ.

ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಅನ್ನುವ ಮಾತಿಗೆ ಹಳೆಯ ಇತಿಹಾಸ ಇದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರದೊಂದು ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಮೇಲು ಅಂತ ಅಲ್ಲಿ ಠರಾವು ಮಾಡಿದರು. ಠರಾವು ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಆಮೇಲೆ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿಸಿ ಕೂಡಿಸಿದರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಸೇರಿದಾಗ ಆ ಠರಾವನ್ನು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿತು. ಆ ಸುದ್ದಿ ನಮ್ಮ ಕಡೆಯ ಎಷ್ಟೋ ತರಬೇತಿ ಕೇಂದ್ರಗಳಿಗೆ ಇನ್ನೂ ಮುಟ್ಟಿಲ್ಲ.

ಸನ್ನೆ ಭಾಷೆ ಮಾತಿಗೆ ಅಡ್ಡ ಬರುವುದಿಲ್ಲ. ಕಿವುಡ ತಂದೆತಾಯಿಯ ಮಡಿಲಲ್ಲಿ ಬೆಳೆಯುವ ಶಿಶುಗಳು, ನಮ್ಮ ಕೂಸುಗಳು ಬಾಯಲ್ಲಿ 'ಬಬಬ' ಅನ್ನುವ ವಯಸ್ಸಿನಲ್ಲೇ ಕೈಬೆರಳಿನಲ್ಲಿ ತೊದಲಲು ಶುರು ಮಾಡುತ್ತವೆ. ಮಿದುಳಿಗೆ ಬೇಕಾಗಿರುವುದು ಭಾಷೆ. ಅದು ಕಿವಿಯಿಂದ ಬಂತೋ ಕಣ್ಣಿನಿಂದ ಬಂತೋ ಅನ್ನುವ ಭೇದ ಅದಕ್ಕಿಲ್ಲ. ಆದರೆ ಮೊದಲ ನಾಲ್ಕೈದು ವರ್ಷದಲ್ಲಿ ಯಾವುದೂ ಬರದಿದ್ದರೆ ಆಮೇಲೆ ಎಣಿಕೆ, ಓದು, ಯೋಚನೆ, ಸಿಟ್ಟು ತಡೆದುಕೊಳ್ಳುವುದು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ತುಟಿ ನೋಡಿ ತಿಳಿದುಕೊಳ್ಳಲಿ ಅನ್ನುವವರೂ ಸಿಗುತ್ತಾರೆ. ಕನ್ನಡಿಯ ಮುಂದೆ ನಿಂತು ದನಿ ಮಾಡದೆ 'ಪಾಪ', 'ಬಾಬಾ', 'ಮಾಮ' ಅಂತ ಹೇಳಿ ನೋಡಿ. ತುಟಿಯ ಮೇಲೆ ಮೂರೂ ಒಂದೇ. ಪಾಪ ಯಾವುದು, ಮಾಮ ಯಾರು ಅಂತ ಆ ಮಗು ಹೇಗೆ ಗುರುತಿಸೀತು?

ಕಿವಿಯೊಳಗೆ ಯಂತ್ರ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ನಿಮಗೂ ಯಾರಾದರೂ ಹೇಳಿರಬಹುದು. ಹುಟ್ಟು ಕಿವುಡುತನಕ್ಕೆ ಅದು ಚಿಕ್ಕ ವಯಸ್ಸಿನಲ್ಲಿ, ಎರಡು ಮೂರು ವರ್ಷದೊಳಗೆ ಆದರೆ ಒಳ್ಳೆಯ ಫಲ ಕೊಡುತ್ತದೆ. ಸರ್ಕಾರದ ಯೋಜನೆಗಳೂ ಐದಾರು ವರ್ಷದೊಳಗಿನ ಮಕ್ಕಳಿಗೇ ಇರುವುದು. ನಿಮ್ಮ ಮಗನ ವಯಸ್ಸಿನಲ್ಲಿ, ಯಾವ ಭಾಷೆಯೂ ಇಲ್ಲದಿರುವಾಗ, ಖರ್ಚು ದೊಡ್ಡದು, ಫಲ ಸಣ್ಣದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಮ್ಮೆ ತೋರಿಸಿ, ಅವರ ಅಭಿಪ್ರಾಯ ಕೇಳಿ. ಆದರೆ ಅದಕ್ಕಾಗಿ ಕಾಯುತ್ತಾ ಸನ್ನೆ ಭಾಷೆಯನ್ನು ಮುಂದಕ್ಕೆ ಹಾಕಬೇಡಿ.

ಈಗ ನಿಮ್ಮ ಅತ್ತೆಯವರ ಕಣ್ಣೀರಿನ ವಿಷಯ. ಅವರು ಹೇಳುವ ವಾಕ್ಯ ರೋಮಾಪುರದವರಿಗೆ ಪೌಲ ಬರೆದ ಪತ್ರದ 10ನೇ ಅಧ್ಯಾಯದ 17ನೇ ವಚನದ್ದು. ಈ ವಾಕ್ಯ ಹಿಡಿದುಕೊಂಡು ಕಿವುಡರು ನಂಬಿಕೆಗೆ ಬರಲಾರರು ಅಂತ ಹಿಂದಿನ ಕಾಲದಿಂದಲೂ ಹೇಳಿಕೊಂಡು ಬಂದಿದ್ದಾರೆ. ಅತ್ತೆಯವರ ಪಕ್ಕ ಕೂತು ಅದರ ಮುಂದಿನ ವಚನವನ್ನೂ ಓದಿ. 18ರಲ್ಲಿ ಪೌಲ 19ನೇ ಕೀರ್ತನೆಯ ಮಾತನ್ನು ಎತ್ತಿಕೊಳ್ಳುತ್ತಾನೆ. ಆ ಕೀರ್ತನೆ ಯಾವುದು ಗೊತ್ತಾ? ಆಕಾಶ ದೇವರ ಮಹಿಮೆಯನ್ನು ಸಾರುತ್ತದೆ ಅನ್ನುವ ಕೀರ್ತನೆ. ಮಾತಿಲ್ಲ, ನುಡಿಯಿಲ್ಲ, ದನಿ ಕೇಳಿಸುವುದಿಲ್ಲ, ಆದರೂ ಸಾರಿದ್ದು ಲೋಕದ ಕೊನೆವರೆಗೂ ಮುಟ್ಟಿದೆ ಅಂತ ಅದರಲ್ಲಿದೆ. ದನಿಯಿಲ್ಲದೆ ಕಣ್ಣಿಗೆ ಕಾಣುವ ಆಕಾಶವನ್ನೇ ಪೌಲ ಸಾಕ್ಷಿಗೆ ಕರೆಯುತ್ತಿದ್ದಾನೆ. ನಾನು ಎಷ್ಟೋ ಹಿರಿಯರಿಗೆ ಈ ಎರಡೂ ಭಾಗ ಒಟ್ಟಿಗೆ ಓದಿಸಿದ್ದೇನೆ. ಅವರ ಮುಖದ ಬಿಗಿ ಸಡಿಲಾಗುವುದನ್ನು ನೋಡಿದ್ದೇನೆ.

ಕಿವುಡರಿಗೆ ಸನ್ನೆಯಲ್ಲಿ ಪಾಠ ಹೇಳಿದ ಮೊದಮೊದಲಿನವರಲ್ಲಿ ಪಾದ್ರಿಗಳೂ ಇದ್ದರು ಅನ್ನುವುದನ್ನೂ ಅವರಿಗೆ ಹೇಳಿ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಷಾರ್ಲ್ ಮಿಷೆಲ್ ದ ಲೆಪೆ ಅನ್ನುವ ಗುರುಗಳು ಇಬ್ಬರು ಕಿವುಡ ಅಕ್ಕತಂಗಿಯರಿಗೆ ಧರ್ಮಪಾಠ ಹೇಳಿಕೊಡಬೇಕು ಅಂತ ಹೊರಟರು. ಕಿವುಡರು ತಮ್ಮತಮ್ಮಲ್ಲಿ ಆಡುವ ಸನ್ನೆಯನ್ನು ಮೊದಲು ಕಲಿತು, ಅದರಲ್ಲೇ ಪಾಠ ಕಟ್ಟಿದರು. ಅದೇ ಬೆಳೆದು ಶಾಲೆಯಾಯಿತು. ನಮ್ಮ ದೇಶದಲ್ಲಿ ಕಿವುಡರ ಮೊದಲ ಶಾಲೆ 1880ರ ದಶಕದಲ್ಲಿ ಮುಂಬೈಯಲ್ಲಿ ಶುರುವಾಯಿತು. ಅದನ್ನು ಶುರು ಮಾಡಿಸಿದವರು ಅಲ್ಲಿನ ಕಥೊಲಿಕ ಬಿಷಪ್ ಲಿಯೋ ಮ್ಯೂರಿನ್. ಬೆಳಗಾವಿ, ವಿಜಯಪುರ, ಬಾಗಲಕೋಟೆ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು.

ಸ್ವಸ್ಥತೆಯ ಕೂಟಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಮಗನಿಗಾಗಿ ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ವೇದಿಕೆಯ ಮೇಲೆ ಅವನಿಗೆ ಏನಾಗುತ್ತದೆ ಅಂತ ಅವನ ಕಣ್ಣಿನಿಂದ ನೋಡಿ. ಗುರುತಿಲ್ಲದ ದೊಡ್ಡವರು ಕಿವಿ ಹಿಡಿಯುತ್ತಾರೆ. ಬಾಯಿ ದೊಡ್ಡದಾಗಿ ತೆರೆಯುತ್ತಾರೆ. ಆಮೇಲೆ "ಕೇಳಿಸ್ತಾ?" ಅನ್ನುವ ಹಾಗೆ ಮುಖ ಮಾಡುತ್ತಾರೆ. ಮಗು ತಲೆಯಾಡಿಸುತ್ತದೆ. ತಲೆಯಾಡಿಸಿದರೆ ಎದುರಿನವರಿಗೆ ಖುಷಿಯಾಗುತ್ತದೆ, ಬಿಟ್ಟುಬಿಡುತ್ತಾರೆ ಅಂತ ಎಲ್ಲ ಕಿವುಡ ಮಕ್ಕಳೂ ಬಲುಬೇಗ ಕಲಿತಿರುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ, ಅವ್ವನ ಮುಖ ಮಾತ್ರ ಬಾಡಿರುತ್ತದೆ. ಇದು ನಾಲ್ಕು ಸಲ ಆದರೆ, 'ನನ್ನಲ್ಲೇ ಏನೋ ತಪ್ಪಿದೆ, ದೇವರಿಗೂ ನಾನು ಬೇಡ' ಅನ್ನುವುದೇ ಅವನು ಕಲಿಯುವ ಧರ್ಮಪಾಠ. ದೊಡ್ಡವರಾದ ಮೇಲೆ ಚರ್ಚಿನ ಕಡೆ ತಲೆ ಹಾಕದ ಕಿವುಡರನ್ನು ಕೇಳಿದಾಗ, ಇಂಥ ವೇದಿಕೆಗಳ ನೆನಪನ್ನೇ ಹಲವರು ನನ್ನ ಮುಂದೆ ಹೇಳಿಕೊಂಡಿದ್ದಾರೆ. ಮಷಿನ್ ತೆಗೆದಿಡಿ ಅಂದವರ ಮಾತು ಕೇಳಲೇಬೇಡಿ. ಗಾಡಿಯ ಹಾರ್ನ್ ಅಷ್ಟು ಕೇಳಿದರೂ ಅದು ಅವನ ಜೀವ ಕಾಯುತ್ತದೆ.

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕಿವುಡನೊಬ್ಬನನ್ನು ಯೇಸುಸ್ವಾಮಿಯ ಹತ್ತಿರ ಕರೆತರುತ್ತಾರೆ. ಸ್ವಾಮಿ ಮಾಡಿದ ಮೊದಲ ಕೆಲಸ, ಅವನನ್ನು ಜನರ ಗುಂಪಿನಿಂದ ಆಚೆ ಕರೆದುಕೊಂಡು ಹೋದದ್ದು. ಆಮೇಲೆ ಕಿವಿಯಲ್ಲಿ ಬೆರಳಿಟ್ಟರು, ನಾಲಿಗೆ ಮುಟ್ಟಿದರು, ಆಕಾಶದ ಕಡೆ ಕಣ್ಣೆತ್ತಿದರು, ನಿಟ್ಟುಸಿರು ಬಿಟ್ಟರು. ಮಾತು ಬಂದದ್ದು ಇದೆಲ್ಲ ಆದ ಮೇಲೆ. ಅವನಿಗೆ ಅರ್ಥವಾಗುವ ರೀತಿಯಲ್ಲಿ ಮೊದಲು ಅವನ ಜೊತೆ ವ್ಯವಹರಿಸಿದರು. ನಿಮ್ಮ ಮಗನಿಗೂ ಅಷ್ಟು ಮರ್ಯಾದೆ ಸಿಗಬೇಕು.

ಸನ್ನೆ ಭಾಷೆ ಎಲ್ಲಿ ಕಲಿಯುವುದು? ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅಂತ ಇದೆ, 2015ರಲ್ಲಿ ಆದದ್ದು. ಅವರ ನಿಘಂಟಿನ 2021ರ ಆವೃತ್ತಿಯಲ್ಲಿ 10,000 ಪದಗಳ ಸನ್ನೆ ಇದೆ. ಅವರ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. 2024ರ ಡಿಸೆಂಬರ್‌ನಿಂದ ಕೇಂದ್ರ ಸರ್ಕಾರದ ಶಿಕ್ಷಣ ಟಿವಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಪೂರ್ತಿ ಸನ್ನೆ ಭಾಷೆಗೇ ಮೀಸಲಾಗಿದೆ. ಇವೆಲ್ಲ ಆಸರೆಗೆ ಮಾತ್ರ. ಬರೀ ವಿಡಿಯೋ ನೋಡಿ ಯಾರೂ ಭಾಷೆ ಕಲಿತಿಲ್ಲ. ನಿಮಗೆ ಬೇಕಾದವರು ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಇರುವ ಒಬ್ಬ ದೊಡ್ಡ ವಯಸ್ಸಿನ ಕಿವುಡರು. ಕಿವುಡ ಮಕ್ಕಳ ಶಾಲೆಯಲ್ಲಿ ವಿಚಾರಿಸಿದರೆ ಹಳೆಯ ವಿದ್ಯಾರ್ಥಿಗಳ ಗುರುತು ಸಿಗುತ್ತದೆ. ತಿಂಗಳಿಗೊಮ್ಮೆಯಾದರೂ ಮನೆಗೆ ಕರೆದು ಊಟ ಹಾಕಿ, ನಿಮ್ಮ ಮಗನ ಜೊತೆ ಕೂತುಕೊಳ್ಳಲಿ. ದೊಡ್ಡ ಕಿವುಡರನ್ನು ಒಮ್ಮೆಯೂ ನೋಡದ ಮಕ್ಕಳು, ತಾವು ದೊಡ್ಡವರಾದರೆ ಕಿವಿ ಬರುತ್ತದೆ ಅಂದುಕೊಂಡಿರುತ್ತಾರೆ. ಕೆಲವರಂತೂ ಕಿವುಡರು ದೊಡ್ಡವರಾಗುವ ಮೊದಲೇ ಸಾಯುತ್ತಾರೆ ಅಂದುಕೊಂಡಿರುತ್ತಾರೆ.

ಅನ್ನಕ್ಕೆ, ಅವ್ವಗೆ, ಬಸ್ಸಿಗೆ ಅವನೇ ಮಾಡಿಕೊಂಡ ಸನ್ನೆಗಳು ಇದ್ದೇ ಇರುತ್ತವೆ. ಅವನ್ನು ತಡೆಯಬೇಡಿ, ನೀವೂ ಬಳಸಿ, ಮೇಲೆ ಹೊಸದನ್ನು ಸೇರಿಸುತ್ತಾ ಹೋಗಿ. ದೇವರ ಪದಗಳಿಂದ ಶುರು ಮಾಡಬೇಡಿ. ಹಸಿವು, ನೋವು, ಭಯ, ಸಿಟ್ಟು, ಯಾರು, ಎಲ್ಲಿ, ಯಾಕೆ, ನಿನ್ನೆ, ನಾಳೆ. ಇವು ಬಂದ ಮೇಲೆ ಕಥೆ ತಾನಾಗಿ ಬರುತ್ತದೆ.

ಪ್ರಾರ್ಥನೆಯಲ್ಲಿ ಅವನು ಕಣ್ಣು ಬಿಟ್ಟುಕೊಂಡಿರುತ್ತಾನೆ ಅಂದಿರಲ್ಲ, ಬಿಟ್ಟುಕೊಂಡೇ ಇರಬೇಕು. ಕಣ್ಣು ಮುಚ್ಚಿಸಿದರೆ ಅವನಿಗೆ ಪ್ರಾರ್ಥನೆಯ ಬಾಗಿಲೇ ಮುಚ್ಚಿತು. ಕೈ ಜೋಡಿಸಿ ಹಿಡಿ ಅಂದರೆ ಬಾಯಿಗೆ ಬಟ್ಟೆ ಕಟ್ಟಿದಂತೆ, ಅವನ ಮಾತು ಇರುವುದು ಕೈಯಲ್ಲೇ ಅಲ್ವಾ? ರಾತ್ರಿ ಊಟಕ್ಕೆ ಮುಂಚೆ ನೀವು ಅವನ ಎದುರು ಕೂತುಕೊಳ್ಳಿ. ದೀಪ ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. ಅವನು ನಿಮ್ಮ ಕಡೆ ನೋಡುವವರೆಗೂ ಕಾಯಿರಿ. ಆಮೇಲೆ ಸಾವಕಾಶ: ಇವತ್ತು, ರೊಟ್ಟಿ, ದೇವರು ಕೊಟ್ಟ, ಥ್ಯಾಂಕ್ಸ್. ಇಷ್ಟು ಸಾಕು. ಸ್ವಲ್ಪ ದಿನದಲ್ಲಿ ಅವನದೂ ಒಂದು ಸರದಿ ಇಡಿ. ಮೊದಲು ನಾಯಿಮರಿಗೋ ಹೊಸ ಚಪ್ಪಲಿಗೋ ಥ್ಯಾಂಕ್ಸ್ ಹೇಳಿಯಾನು. ಹೇಳಲಿ. ಬಾಯಿಪಾಠದ ಕರ್ತನ ಪ್ರಾರ್ಥನೆಗಿಂತ ಅದು ನಿಜವಾದ ಪ್ರಾರ್ಥನೆ.

ಯೇಸು ಅನ್ನುವುದಕ್ಕೆ ಸನ್ನೆ ಸುಲಭ. ಒಂದು ಕೈಯ ನಡುಬೆರಳಿನಿಂದ ಇನ್ನೊಂದು ಅಂಗೈಯ ನಡುವೆ ಮುಟ್ಟಿ, ಆಮೇಲೆ ಕೈ ಬದಲಿಸಿ ಮುಟ್ಟಬೇಕು, ಮೊಳೆ ಹೊಡೆದ ಜಾಗ ಅದು. ಆದರೆ ಒಂದು ಎಚ್ಚರ. ಶಿಲುಬೆಯ ಚಿತ್ರ ತೋರಿಸಿ ಅಷ್ಟಕ್ಕೇ ಬಿಡಬೇಡಿ. ಯೇಸುಸ್ವಾಮಿ ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ, ಭಾಷೆ ಇಲ್ಲದ ಮಗುವಿಗೆ ಕಾಣುವುದು ಹೇಗೆ ಅಂತ ಯೋಚಿಸಿ. ರಕ್ತ ಸುರಿಯುವ ಒಬ್ಬ ಮನುಷ್ಯ, ಅಳುತ್ತಿರುವ ಅವ್ವ, ಅಜ್ಜಿ. ಯಾರು ಹೊಡೆದರು, ಯಾಕೆ ಹೊಡೆದರು, ತಪ್ಪು ಮಾಡಿದರೆ ನನಗೂ ಹೀಗೇ ಮಾಡುತ್ತಾರಾ ಅಂತ ಒಬ್ಬನೇ ಹೆದರಿಕೊಂಡ ಮಕ್ಕಳಿದ್ದಾರೆ. ಭಾನುವಾರ ಯೇಸುಸ್ವಾಮಿ ಮತ್ತೆ ಎದ್ದುಬಂದ ಕಥೆ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಕಳೆದುಹೋದ ಕುರಿಯಿಂದ ಶುರು ಮಾಡಿ. ನಿಮ್ಮ ಕಡೆ ಕಂಬಳಿ ಹೊದ್ದ ಕುರಿಗಾರರು ಹಿಂಡು ಹೊಡೆದುಕೊಂಡು ಹೋಗುವುದನ್ನು ಅವನು ನೋಡಿರುತ್ತಾನೆ. ಸನ್ನೆಯಲ್ಲಿ ಹಿಂಡನ್ನು ನಿಮ್ಮ ಬಲಗಡೆ ಇಡಿ. ಎಣಿಸುತ್ತಾ ಹೋಗಿ, ಒಂದು ಕಡಿಮೆ ಅಂತ ಮುಖದಲ್ಲಿ ಗಾಬರಿ ತೋರಿಸಿ. ಎಡಗಡೆ ದೂರಕ್ಕೆ ನೋಡಿ, ಅಲ್ಲಿ ಮುಳ್ಳುಕಂಟಿಯಲ್ಲಿ ಆ ಕುರಿ. ಅವನನ್ನೇ ಕುರಿ ಮಾಡಿ, ಹುಡುಕಿ ಹೆಗಲ ಮೇಲೆ ಎತ್ತಿಕೊಳ್ಳಿ. ಆಮೇಲೆ ಯೇಸು ಅನ್ನುವ ಸನ್ನೆ ಮಾಡಿ. ಕ್ಷಮೆ, ಕೃಪೆ ಅನ್ನುವುದಕ್ಕೆ ಅವಸರ ಬೇಡ. ಅವನು ಏನಾದರೂ ಒಡೆದು ಬಚ್ಚಿಟ್ಟುಕೊಂಡ ದಿನ, ನೀವು ಸಿಟ್ಟಾಗಿ, ಆಮೇಲೆ ತಬ್ಬಿಕೊಂಡಾಗ, ಆ ಹೊತ್ತಿನಲ್ಲಿ ಕ್ಷಮೆಯ ಸನ್ನೆ ತೋರಿಸಿ. ಭಾರತೀಯ ಸನ್ನೆ ಭಾಷೆಯಲ್ಲಿ ಸತ್ಯವೇದದ ಭಾಗಗಳು ವಿಡಿಯೋ ರೂಪದಲ್ಲಿ ಬಂದಿವೆ. ಅವನಿಗೆ ಸ್ವಲ್ಪ ಭಾಷೆ ಕೂತ ಮೇಲೆ ಜೊತೆಗೆ ಕೂತು ನೋಡಿ.

ಹಾಸ್ಟೆಲ್ ಶಾಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸಾಧ್ಯವಾದರೆ ದಿನಾ ಹೋಗಿಬರುವಂಥ ಕಿವುಡ ಮಕ್ಕಳ ಶಾಲೆ ನೋಡಿ, ಬಾಗಲಕೋಟೆಯಲ್ಲಿ ಮನೆ ಮಾಡಬೇಕಾದರೂ ಸರಿ. ಮಗ್ಗ ಬಿಟ್ಟು ಅದು ಆಗುವುದಿಲ್ಲ ಅಂದರೆ ಹಾಸ್ಟೆಲ್ಲೇ ಆಗಲಿ, ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅದು ಎಷ್ಟೋ ಒಳ್ಳೆಯದು. ಅಲ್ಲಿ ಗೆಳೆಯರ ಜೊತೆ ಕೆಲವೇ ತಿಂಗಳಲ್ಲಿ ಕೈ ಬಿಚ್ಚುತ್ತದೆ. ಆದರೆ ಸೇರಿಸುವ ಮುಂಚೆ ತರಗತಿಯಲ್ಲಿ ಕೂತು ನೋಡಿ. ಶಿಕ್ಷಕರಿಗೆ ಸನ್ನೆ ಬರುತ್ತದೆಯೇ, ಅಥವಾ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುತ್ತಾರೆಯೇ? ಮಕ್ಕಳಿಗೆ ಹೊಂದುವ ಭಾಷೆಯಲ್ಲಿ ಪಾಠ ಆಗಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ, ಧೈರ್ಯವಾಗಿ ಕೇಳಿ. ಹಾಸ್ಟೆಲ್ಲಿನ ದೊಡ್ಡ ಅಪಾಯ ಇನ್ನೊಂದಿದೆ. ಮಾತಾಡಲಾಗದ ಮಗುವಿನ ಮೈ ಮುಟ್ಟುವವರು, ಇವನು ಯಾರಿಗೂ ಹೇಳಲಾರ ಅನ್ನುವ ಧೈರ್ಯದಲ್ಲಿರುತ್ತಾರೆ. ಮೈಯ ಎಲ್ಲ ಭಾಗಗಳ ಸನ್ನೆ, 'ಬೇಡ', 'ಅವನು ಮಾಡಿದ' ಅನ್ನುವುದು ಅವನಿಗೆ ಬಂದಿರಲೇಬೇಕು, ನಿಮಗೂ ತಿಳಿಯಬೇಕು. ಚರ್ಚಿನಲ್ಲಿ ಕೂಡ ಇದೇ ಎಚ್ಚರ ಇರಲಿ.

ನಿಮ್ಮಿಂದ ದೂರ ಆಗುತ್ತಾನಾ ಅಂತ ಕೇಳಿದಿರಿ. ರಜೆಗೆ ಬಂದಾಗ ಮನೆಯಲ್ಲಿ ಒಬ್ಬರಿಗೂ ಅವನ ಭಾಷೆ ಬರದಿದ್ದರೆ ದೂರ ಆಗುತ್ತಾನೆ. ಹಬ್ಬದ ದಿನ ಮನೆ ತುಂಬ ಜನ ನಗುತ್ತಿರುವಾಗ "ಏನು?" ಅಂತ ಕೇಳಿ, "ಆಮೇಲೆ ಹೇಳ್ತೀನಿ" ಅನ್ನಿಸಿಕೊಂಡ ಮಕ್ಕಳು ಹಾಸ್ಟೆಲ್ಲಿಗೆ ವಾಪಸ್ ಹೋಗಲು ದಿನ ಎಣಿಸುತ್ತಾರೆ. ನಿಮಗೆ ಭಾಷೆ ಬಂದರೆ ಈ ಭಯ ಬೇಡ.

ದೃಢೀಕರಣಕ್ಕೆ ಇನ್ನೂ ಸಾಕಷ್ಟು ವರ್ಷ ಇದೆ. ಬಾಯಿಬಿಟ್ಟು ಹೇಳಿದರೇ ಸಾಕ್ಷಿ ಅಂತ ಯಾರಾದರೂ ಅಂದರೆ ಲೂಕನ ಮೊದಲ ಅಧ್ಯಾಯ ಓದಿಸಿ. ಜಕರೀಯನಿಗೆ ಮಾತು ನಿಂತುಹೋಗಿತ್ತು. ಬಂಧುಗಳು ಸನ್ನೆ ಮಾಡಿ ಕೇಳಿದರು. ಅವನು ಹಲಗೆ ತರಿಸಿ, ಮಗನ ಹೆಸರು ಯೋಹಾನ ಅಂತ ಬರೆದು ತೋರಿಸಿದ. ಎಲ್ಲರೂ ಆಶ್ಚರ್ಯಪಟ್ಟರು, ಅದೇ ಹೆಸರು ಉಳಿಯಿತು. ಕಥೊಲಿಕ ಕುಟುಂಬಗಳೂ ನನ್ನನ್ನು ಕೇಳುವುದುಂಟು. ಅವರ ಧರ್ಮಸಭೆಯ ಕಾನೂನಿನಲ್ಲಿ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯನ್ನು ಅನುವಾದಕರ ಮೂಲಕ ಮಾಡಲು ಅವಕಾಶ ಇದೆ, ಆ ಅನುವಾದಕರೂ ಗುಟ್ಟು ಕಾಯಲೇಬೇಕು. 2024ರಲ್ಲಿ ಕೇರಳದ ತ್ರಿಶೂರಿನಲ್ಲಿ ಜೋಸೆಫ್ ಥೆರ್ಮಡಂ ಅನ್ನುವ ಕಿವುಡರು ಪಾದ್ರಿಯಾಗುವ ಗುರುದೀಕ್ಷೆಯನ್ನೇ ಪಡೆದಿದ್ದಾರೆ. ಗುರುಗಳೇ ಆಗಬಹುದು ಅಂದ ಮೇಲೆ ದೃಢೀಕರಣ ಯಾಕೆ ಆಗಬಾರದು?

ನಿಮ್ಮ ಸಭಾಪಾಲಕರನ್ನು ಈ ವಾರವೇ ಕಂಡು ಮೂರು ಮಾತು ಕೇಳಿ. ಭಾನುವಾರ ಅವನಿಗೆ ಮುಂದಿನ ಸಾಲಿನಲ್ಲಿ, ತಬಲಾದ ಹತ್ತಿರ ಜಾಗ ಕೊಡಲಿ, ಹಾಡು ಮೈಗೆ ತಾಕುತ್ತದೆ. ಸಂಡೇ ಸ್ಕೂಲಿನ ಟೀಚರ್ ನಿಮ್ಮ ಜೊತೆ ಸನ್ನೆ ಭಾಷೆ ಕಲಿಯಲಿ, ಅವರ ಇಡೀ ತರಗತಿಯೂ ಕಲಿಯಲಿ. ಮಕ್ಕಳಿಗೆ ಅದು ಆಟ, ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಮತ್ತೆ, ಮುಂದಿನ ವಾರದ ಕಥೆ ಯಾವುದು ಅಂತ ನಿಮಗೆ ಬುಧವಾರದೊಳಗೆ ಹೇಳಲಿ. ಅದರ ಸನ್ನೆಗಳನ್ನು ನೀವು ಮೊದಲೇ ಹುಡುಕಿ, ಮನೆಯಲ್ಲಿ ಆಡಿಸಿ ಕರೆದುಕೊಂಡು ಹೋದರೆ, ಬಣ್ಣ ಹಚ್ಚಲು ಕೊಟ್ಟ ಚಿತ್ರ ಯಾವ ಕಥೆಯದು ಅಂತ ಅವನಿಗೆ ಗೊತ್ತಿರುತ್ತದೆ.